ಮಧ್ಯಾಹ್ನದ ನೆರಳು

ನನ್ನ ಮಗಳು ಕೂತು ನಿದ್ದೆ ಮಾಡುತ್ತಾಳೆ.

ಮಲಗಿಸಿದರೆ ಉಸಿರು ಸಿಕ್ಕಿಕೊಳ್ಳುತ್ತದೆ. ಅದಕ್ಕೆ ಗೋಡೆಗೆ ಜೋಳದ ಚೀಲ ಒಡ್ಡಿ, ಮೇಲೆ ಕೌದಿ ಹಾಸಿ, ಅವಳನ್ನು ಒರಗಿಸಿ ಕೂರಿಸುತ್ತೇನೆ. ತಲೆ ಒಂದು ಬದಿಗೆ ಜೋತುಬೀಳುತ್ತದೆ. ಕೈ ಕೊಟ್ಟು ಹಿಡಿಯುತ್ತೇನೆ. ಒಂದು ಕೈ ಜೋಮು ಹಿಡಿದರೆ ಇನ್ನೊಂದು ಕೈ. ಹೆಸರು ಸುಮಿತಾ. ಒಂದನೇ ತರಗತಿ. ಚಳಿ ಮುಗಿದು ಕಾಡಿನ ಎಲೆ ಉದುರತೊಡಗಿತೆಂದರೆ ಶಾಲೆ ಬಿಡುತ್ತಾಳೆ. ಅಂದರೆ ಶಾಲೆ ಅವಳನ್ನು ಬಿಡುತ್ತದೆ. ಇಷ್ಟು ಕೆಮ್ಮುವ ಹುಡುಗಿಯನ್ನು ಕೂರಿಸಿಕೊಂಡು ಪಾಠ ಮಾಡಲು ಆಗುವುದಿಲ್ಲ, ವಾಸಿಯಾದ ಮೇಲೆ ಕಳಿಸಿ ಎಂದು ಟೀಚರು ಹೇಳಿದ್ದಾರೆ.

ಒಲೆಯ ಮೇಲೆ ಅನ್ನ ಇದೆ. ಅದು ಬೇಯುವಷ್ಟರಲ್ಲಿ ಎಷ್ಟಾಗುತ್ತದೋ ಅಷ್ಟು ಬರೆಯುತ್ತೇನೆ. ಉಳಿದದ್ದು ಪಾತ್ರೆ ತೊಳೆದ ಮೇಲೆ.

ಹಳಿಯಾಳದಿಂದ ದಾಂಡೇಲಿಗೆ ಹೋಗುವ ರಸ್ತೆ ಬಿಟ್ಟು ಒಳಗೆ ಇಳಿದರೆ ಒಂದು ತಗ್ಗು. ಆ ತಗ್ಗಿನಲ್ಲಿ ತಗಡಿನ ಶೆಡ್ಡುಗಳು. ಧಾರವಾಡ, ಬೆಳಗಾವಿ ಕಡೆಯಿಂದ ಕೂಲಿಗೆ ಬಂದವರು ನಾವು. ಬಂದವರು ಇಲ್ಲೇ ಉಳಿದೆವು. ಊರಿಗೆ ಹೆಸರಿಲ್ಲ. ತಗ್ಗಿನ ಶೆಡ್ಡು ಎನ್ನುತ್ತಾರೆ, ಅಷ್ಟೆ. ಸುತ್ತ ದಿಬ್ಬ. ದಿಬ್ಬದ ಮೇಲೆ ಸಾಗವಾನಿ ತೋಪು. ನನ್ನ ಗಂಡ ಮೌನೇಶ ಲಾರಿಯಲ್ಲಿ ಕ್ಲೀನರ್. ರಾಮನಗರ, ಅನಮೋಡ ದಾಟಿ ಗೋವಾಕ್ಕೆ ಹೋಗುವ ಲಾರಿ. ಹೋದರೆ ಯಾವಾಗ ಬರುತ್ತಾನೋ ಅವನಿಗೇ ಗೊತ್ತಿರುವುದಿಲ್ಲ. ನಾನು ತೋಪಿನಲ್ಲಿ ಬೆಂಕಿ ಗೆರೆಯ ಕೆಲಸಕ್ಕೆ ಹೋಗುತ್ತೇನೆ.

ಬೆಂಕಿ ಗೆರೆ ಎಂದರೆ ಗೊತ್ತಿಲ್ಲದವರಿಗೆ ಹೇಳುತ್ತೇನೆ. ಬೇಸಿಗೆಯಲ್ಲಿ ಎಲ್ಲೋ ಹೊತ್ತಿದ ಬೆಂಕಿ ತೋಪಿಗೆ ನುಗ್ಗಬಾರದು. ಅದಕ್ಕೆ ತೋಪಿನ ಸುತ್ತ ಅಗಲವಾದ ಪಟ್ಟಿಯೊಂದನ್ನು ನಾವೇ ಮೊದಲು ಸುಟ್ಟು ಬೋಳು ಮಾಡಿಡಬೇಕು. ಬೆಂಕಿ ಅಲ್ಲಿಗೆ ಬಂದರೆ ತಿನ್ನಲು ಏನೂ ಸಿಗುವುದಿಲ್ಲ, ಸಾಯುತ್ತದೆ. ಗಿಡಗಂಟಿ ಕುಡುಗೋಲಿನಿಂದ ಕಡಿಯಬೇಕು. ಬಗ್ಗಿ ಎಲೆ ಗುಡಿಸಬೇಕು. ಸಾಗವಾನಿ ಎಲೆ ಊಟದ ತಟ್ಟೆಯಷ್ಟು ಅಗಲ. ಒಣಗಿದರೆ ಹಪ್ಪಳ. ಗುಡಿಸಿ ಸಾಲು ಹಾಕಿ, ಒಣ ಹುಲ್ಲಿನ ಸೂಡಿಯಿಂದ ಹಚ್ಚಬೇಕು. ಹಚ್ಚಿದ ಮೇಲೆ ಎರಡೂ ಬದಿ ನಿಂತು ಹಸಿ ಟೊಂಗೆಯಿಂದ ಬಡಿಯಬೇಕು. ಗೆರೆ ದಾಟಲು ಬಿಡಬಾರದು. ಚಪ್ಪಲಿಯ ತಳ ಮೆತ್ತಗಾಗುತ್ತದೆ. ಹುಬ್ಬು ಸುಡುತ್ತದೆ. ಮುಂಗೈಯ ಕೂದಲು ಇರುವುದಿಲ್ಲ. ಉಗುಳಿದರೆ ಕಪ್ಪು. ಮನೆಗೆ ಬಂದು ಮಿಂದರೂ ಮರುದಿನ ಮುಂಜಾನೆ ಮೂಗಿನಿಂದ ಕಪ್ಪು ಬರುತ್ತದೆ.

ನಮ್ಮ ಗುಂಪಿನಲ್ಲಿ ಎಲ್ಲರೂ ಹೆಂಗಸರು. ಹಿರಿಯಳು ಕಾಶೆವ್ವ. ಅವಳ ಬಲಗಾಲಿನ ಮೇಲೆ ಮೊಣಕಾಲಿನವರೆಗೆ ಸುಟ್ಟ ಕಲೆ ಇದೆ. ಗುತ್ತಿಗೆದಾರ ಶೇಖಪ್ಪ. ಮೋಟರ್ ಸೈಕಲ್ಲಿನಲ್ಲಿ ಬರುತ್ತಾನೆ. ಬೈಯುವುದು ಕಡಿಮೆ. ಅದಕ್ಕೇ ಅವನನ್ನು ಒಳ್ಳೆಯವನೆಂದು ತಿಳಿದಿದ್ದೆವು.

ಮೊದಲಿನ ವರ್ಷಗಳಲ್ಲಿ ಗೆರೆಗೆ ಮುಂಜಾನೆ ಹಚ್ಚುತ್ತಿದ್ದೆವು. ಎಲೆಯ ಮೇಲೆ ಇಬ್ಬನಿ ಇರುತ್ತಿತ್ತು. ಬೆಂಕಿ ಮಾತು ಕೇಳುತ್ತಿತ್ತು. ಬಿಸಿಲು ಏರಿದ ಹಾಗೆ ಹೊಗೆಯೂ ಏರಿ ಹೋಗುತ್ತಿತ್ತು. ಹೋದ ವರ್ಷದಿಂದ ಶೇಖಪ್ಪ ಪದ್ಧತಿ ಬದಲಿಸಿದ. ಮುಂಜಾನೆ ಕಡಿಯಿರಿ, ಗುಡಿಸಿರಿ ಎಂದ. ಊಟದ ಹೊತ್ತಿಗೆ, ಸುಡುವ ಬಿಸಿಲು, ಮರದ ಕೆಳಗೆ ಕೂರಿ ಎಂದ. ಕೂತೆವು. ಇನ್ನೂ ಕೂರಿ ಎಂದ. ಬುತ್ತಿ ಮುಗಿದು, ಎಲೆಯಡಿಕೆ ಮುಗಿದು, ಒಬ್ಬೊಬ್ಬರು ಅಲ್ಲೇ ಅಡ್ಡಾಗುತ್ತಿದ್ದರು. ಅವನು ಫೋನು ನೋಡುತ್ತ ಕೂತಿರುತ್ತಿದ್ದ. ಹೊತ್ತು ವಾಲಿದ ಮೇಲೆ, "ದಾಟೇತಿ. ಏಳ್ರಿ, ಹಚ್ಚ್ರಿ" ಎನ್ನುತ್ತಿದ್ದ.

ಕೂಲಿಯವರನ್ನು ಮಧ್ಯಾಹ್ನ ನೆರಳಿನಲ್ಲಿ ಕೂರಿಸುವ ಗುತ್ತಿಗೆದಾರನನ್ನು ನಾವು ಕಂಡಿರಲಿಲ್ಲ. ಏನು ದಾಟಿತು ಎಂದು ಯಾರೂ ಕೇಳಲಿಲ್ಲ. ಅವನು ಫೋನಿನಲ್ಲಿ ಪಂಚಾಂಗ ನೋಡುತ್ತಾನೆ, ರಾಹುಕಾಲ ದಾಟಲೆಂದು ಕಾಯುತ್ತಾನೆ, ಬೆಂಕಿಯ ಕೆಲಸವಲ್ಲವೇ, ದೇವರು ದಿಂಡರು ಎನ್ನುವ ಮನುಷ್ಯ ಎಂದಳು ಕಾಶೆವ್ವ. ನಾವು ಹೌದೆಂದೆವು. ಅವನ ಹೆಂಡತಿ ಸುನಂದಾ ಒಂದು ದಿನ ತೋಪು ನೋಡಲು ಬಂದಳು. ನಾವೆಲ್ಲ ಸೇರಿ ಅವಳ ಉಡಿ ತುಂಬಿದೆವು. ಅಕ್ಕಿ, ಕೊಬ್ಬರಿ ಬಟ್ಟಲು, ಬೆಲ್ಲ, ಹಸಿರು ದಡಿಯ ಖಣ. ಮಸಿ ಹತ್ತಬಾರದೆಂದು ಹಳ್ಳಕ್ಕೆ ಇಳಿದು ಕೈ ತಿಕ್ಕಿ ತೊಳೆದುಕೊಂಡು ಬಂದಿದ್ದೆವು. ನಿನ್ನ ಗಂಡ ನಮ್ಮನ್ನು ಬಿಸಿಲಿಗೆ ಹಾಕಲಿಲ್ಲ, ನಿನ್ನ ಮನೆ ತಣ್ಣಗಿರಲಿ ಎಂದು ಕಾಶೆವ್ವ ಹರಸಿದಳು. ಸುನಂದಾ ಸೆರಗು ಒಡ್ಡಿದ್ದಳು. ಕಣ್ಣಲ್ಲಿ ನೀರಿತ್ತು. ಅವಳಿಗೂ ಗೊತ್ತಿರಲಿಲ್ಲ ಎಂದು ಇವತ್ತಿಗೂ ನಂಬುತ್ತೇನೆ.

ಅನ್ನ ಬಸಿದು ಬಂದೆ.

ಸಂಜೆ ಹಚ್ಚಿದ ಎಲೆ ಬೇಗ ಉರಿದು ಮುಗಿಯುತ್ತದೆ. ಮೋಟು, ಬೇರು, ಬಿದ್ದ ಕೊರಡು ಹಾಗಲ್ಲ. ಅವು ಉರಿಯುವುದೂ ಇಲ್ಲ, ಆರುವುದೂ ಇಲ್ಲ. ಸುಮ್ಮನೆ ಹೊಗೆಯಾಡುತ್ತವೆ. ರಾತ್ರಿ ತಂಪು ಇಳಿದಂತೆ ಹೊಗೆಯೂ ದಿಬ್ಬದಿಂದ ಇಳಿದು ಬರುತ್ತದೆ. ಬಂದು ನಮ್ಮ ತಗ್ಗಿನಲ್ಲಿ ಮಲಗುತ್ತದೆ. ತಗಡಿನ ಸಂದಿಗೆ ಅರಿವೆ ತುರುಕುತ್ತೇನೆ. ಬಾಗಿಲಿಗೆ ಒದ್ದೆ ಗೋಣಿ ಕಟ್ಟುತ್ತೇನೆ. ಆದರೂ ಬರುತ್ತದೆ. ದೀಪದ ಸುತ್ತ ಮಂಜು ಕಟ್ಟುತ್ತದೆ. ಸುಮಿಯ ಎದೆಯಲ್ಲಿ ಸೀಟಿ ಊದಿದ ಹಾಗೆ ಸಪ್ಪಳ. ಪಕ್ಕೆಲುಬಿನ ನಡುವೆ ಚರ್ಮ ಒಳಕ್ಕೆ ಹೋಗಿ ಬರುತ್ತದೆ. ಅವಳು ಅಳುವುದಿಲ್ಲ. ಅಳಲು ಉಸಿರು ಬೇಕು.

ಆ ಬೆಂಕಿ ಹಚ್ಚಿದ ಕೈಯೇ ಅವಳ ಬೆನ್ನು ಸವರುತ್ತದೆ. ಇದನ್ನು ಎಷ್ಟು ಸಲ ಯೋಚಿಸಿದ್ದೇನೋ. ಕೆಲಸ ಬಿಟ್ಟರೆ ಅನ್ನವಿಲ್ಲ. ಮಾಡಿದರೆ ಹೀಗೆ. ಯೋಚನೆ ಅಲ್ಲಿಗೆ ಬಂದು ನಿಲ್ಲುತ್ತಿತ್ತು. ಮತ್ತೆ ಬೆಳಗಾಗುತ್ತಿತ್ತು. ಬುತ್ತಿ ಕಟ್ಟಿಕೊಂಡು ಹೋಗುತ್ತಿದ್ದೆ.

ಮೌನೇಶ ಒಂದು ಸಲ ಬಂದಾಗ ಸುದ್ದಿ ತಂದ. ಕಾಡಿನ ಬೆಂಕಿಯ ಹೊಗೆ ಎಲ್ಲೆಲ್ಲಿಗೆ ಹೋಗುತ್ತದೆಂದು ಆಕಾಶದಿಂದ ಫೋಟೋ ತೆಗೆದು ನೋಡುತ್ತಾರಂತೆ. ಹೊಗೆ ಯಾವ ಊರಿನ ಮೇಲೆ ಹಾಯುತ್ತದೋ ಆ ಊರಿನ ಮಕ್ಕಳಿಗೆ ಒಂದು ಸಂಸ್ಥೆಯವರು ಔಷಧದ ಹಬೆ ಕೊಡುವ ಮಷಿನ್ ಹಂಚುತ್ತಾರಂತೆ. ಮೂಗಿಗೆ ಇಟ್ಟರೆ ಎದೆ ಬಿಚ್ಚುತ್ತದಂತೆ. ಮುಂಡಗೋಡ ತಾಲೂಕಿನ ಇಂದೂರದಲ್ಲಿ ಪೆಂಡಾಲು ಹಾಕಿದ್ದಾರಂತೆ.

ಮರುದಿನವೇ ಹೊರಟೆ. ಸುಮಿಯನ್ನು ಸೊಂಟದ ಮೇಲೆ ಕೂರಿಸಿಕೊಂಡು ಬಸ್ಸು ಬದಲಿಸುತ್ತ ಹೋದೆ. ದೊಡ್ಡ ಹುಡುಗಿ, ಎತ್ತಿಕೊಳ್ಳುವ ವಯಸ್ಸಲ್ಲ. ಆದರೆ ನಡೆದರೆ ಏದುಸಿರು. ಸೊಂಟ ಕಳಚಿದಂತಾಯಿತು.

ಪೆಂಡಾಲಿನಲ್ಲಿ ಸಾಲು ಇತ್ತು. ನಿಂತೆ. ಮುಂದೆ ಇದ್ದ ಮುದುಕನೊಬ್ಬ ತಿರುಗಿ ತಿರುಗಿ ನೋಡಿದ. ಮೂಗಿಗೆ ಟವೆಲ್ಲು ಒತ್ತಿದ. ಮೇಜಿನ ಹತ್ತಿರ ಇದ್ದ ಹುಡುಗಿ ಎದ್ದು ಬಂದಳು. ಮೆಲ್ಲಗೇ ಹೇಳಿದಳು.

"ಅಕ್ಕಾರ, ಒಂದೀಟ ಹೊರಗ ನಿಂದರ್ರಿ. ನಿಮ್ಮ ಸೀರಿ ಹೊಗಿ ವಾಸನಿ ಹೊಡ್ಯಾಕತ್ತೇತಿ. ಇಲ್ಲೆ ಉಸಿರಿಂದ ತ್ರಾಸ ಇದ್ದ ಮಂದಿ ಅದಾರ. ಅವರಿಗೆ ಕೆಮ್ಮ ಏಳತೈತಿ."

ಒಗೆದ ಸೀರೆ ಉಟ್ಟಿದ್ದೆ. ಇದ್ದುದರಲ್ಲಿ ಒಳ್ಳೆಯದು. ಹೊರಗೆ ಬಿಸಿಲಿನಲ್ಲಿ ನಿಂತೆ. ಸಾಲು ಮುಗಿದ ಮೇಲೆ ಕರೆದರು. ಊರು ಯಾವುದೆಂದು ಕೇಳಿದಳು. ತಗ್ಗಿನ ಶೆಡ್ಡು ಎಂದೆ. ಹಾಗೆ ಊರಿಲ್ಲ ಎಂದಳು. ಹತ್ತಿರದ ಹಳ್ಳಿಯ ಹೆಸರು ಹೇಳಿದೆ. ಕಂಪ್ಯೂಟರ್ ನೋಡಿದಳು.

"ನಿಮ್ಮ ಕಡೆ ಹೊಗಿ ಇಲ್ರಿ," ಎಂದಳು.

ನಾನು ಅವಳ ಮುಖ ನೋಡಿದೆ. ಈಗಷ್ಟೇ ಹೊಗೆಯ ವಾಸನೆಗೆ ನನ್ನನ್ನು ಹೊರಗೆ ಹಾಕಿದವಳು ಅವಳೇ. ಅವಳಿಗೆ ಅದು ಹೊಳೆಯಲಿಲ್ಲ. ಸುಮಿ ನನ್ನ ಭುಜಕ್ಕೆ ಹಣೆ ಒತ್ತಿ ಸೀಟಿ ಊದುತ್ತಿದ್ದಳು. ಆ ಸಪ್ಪಳ ಮೇಜಿನವರೆಗೂ ಕೇಳುತ್ತಿತ್ತು. ಯಾದಿಯಲ್ಲಿ ಊರಿದ್ದರೆ ಮಾತ್ರ ಕೊಡಬಹುದೆಂದು ಹೇಳಿ ಅವಳು ಮುಂದಿನವರನ್ನು ಕರೆದಳು. ಮುಂದೆ ಯಾರೂ ಇರಲಿಲ್ಲ.

ಪೆಂಡಾಲಿನ ಮೂಲೆಯಲ್ಲಿ ಒಬ್ಬ ತರುಣ ಲ್ಯಾಪ್‌ಟಾಪ್ ಇಟ್ಟುಕೊಂಡು ಕೂತಿದ್ದ. ಉದಯಕುಮಾರ ಎಂದು ಹೆಸರು. ಹೊಗೆಯ ನಕ್ಷೆ ಮಾಡುವವನು ಅವನೇ. ಸುಮಿಯ ಉಸಿರು ಕೇಳಿ ಎದ್ದು ಬಂದು ಕುರ್ಚಿ ಕೊಟ್ಟ. ನೀರು ಕೊಟ್ಟ. ನಮ್ಮಲ್ಲಿ ಹೊಗೆ ಇಲ್ಲವೆಂದು ಹೇಗೆ ಗೊತ್ತು ಎಂದು ಕೇಳಿದೆ. ಅವನು ಲ್ಯಾಪ್‌ಟಾಪ್ ನನ್ನ ಕಡೆ ತಿರುಗಿಸಿದ.

ಮೇಲಿನಿಂದ ನೋಡಿದರೆ ನಮ್ಮ ಸೀಮೆ ಒಂದು ಹಳೆಯ ಕೌದಿ. ಹಸಿರು ತೇಪೆ, ಕಂದು ತೇಪೆ. ಜೋಯಿಡಾ ಕಡೆಯ ಗುಡ್ಡದಲ್ಲಿ ಕೆಂಪು ಚುಕ್ಕಿಗಳಿದ್ದವು. ಅವು ಬೆಂಕಿ ಎಂದ. ಅಲ್ಲಿಂದ ಬೂದು ಬಣ್ಣದ ಬಾಲವೊಂದು ಹೊರಟು ಹಳಿಯಾಳದ ಕೆಳಗೆ ಹಾದು ಮುಂಡಗೋಡದ ಹೊಲಗಳ ಮೇಲೆ ಚೆದುರಿತ್ತು. ಹಸಿ ಕೈಯಿಂದ ಪಾಟಿ ಒರೆಸಿದ ಹಾಗೆ. ಬೆರಳಾಡಿಸಿ ನಿನ್ನೆಯದು, ಮೊನ್ನೆಯದು ತೋರಿಸಿದ. ಬಾಲ ಒಮ್ಮೆ ಆಚೆ, ಒಮ್ಮೆ ಈಚೆ ವಾಲುತ್ತಿತ್ತು. ಆದರೆ ದಿನವೂ ಇಂದೂರದ ಮೇಲೆಯೇ. ಅದನ್ನು ಹೀಗೆ ದಿನದಿನಕ್ಕೂ ಹಿಂಬಾಲಿಸುವುದೇ ಅವನ ಕೆಲಸ. ನಮ್ಮ ತಗ್ಗು ಎಲ್ಲಿದೆ ಎಂದು ಕೇಳಿದೆ. ದೊಡ್ಡದು ಮಾಡಿ ತೋರಿಸಿದ. ತಗಡುಗಳು ಅಕ್ಕಿಕಾಳಿನಂತೆ ಹೊಳೆಯುತ್ತಿದ್ದವು. ಮೇಲೆ ಏನೂ ಇರಲಿಲ್ಲ. ತೊಳೆದಿಟ್ಟ ಹಾಗಿತ್ತು.

"ಇದು ಯಾವಾಗಿಂದು?" ಎಂದೆ.

"ದಿನಾ ಮಧ್ಯಾಹ್ನ ಊಟದ ಹೊತ್ತಿಗೆ ಉಪಗ್ರಹ ನಮ್ಮ ಮ್ಯಾಲ ಹಾಯತೈತ್ರಿ ಅಕ್ಕಾರ. ಆವಾಗ ತಗದಿದ್ದು."

"ರಾತ್ರಿದು?"

"ರಾತ್ರಿ ಹೊಗಿ ಕಾಣೂದಿಲ್ರಿ. ಬಿಸಲಿದ್ರ ಅಷ್ಟ ಕಾಣತೈತಿ. ರಾತ್ರಿ ಹಾದಾಗ ಬೆಂಕಿ ಅಷ್ಟ ಗುರುತು ಹಿಡೀತೈತಿ, ಅದೂ ಆರದ ಉರಿಯಾಕತ್ತಿದ್ರ." ಅವನು ಸುಮಿಯನ್ನು ನೋಡಿದ. "ನಿಮ್ಮಲ್ಲೆ ಗೆರಿ ಸಂಜೀಕ ಸುಡತಾರೇನ್ರಿ?"

ಹೌದೆಂದೆ.

"ಯಾಕ್ರಿ? ಮುಂಜಾನಿ ಸುಡೂದಲ್ರಿ?"

ಗುತ್ತಿಗೆದಾರ ಹಾಗೆ ಹೇಳುತ್ತಾನೆ ಎಂದೆ. ಅವನು ಕೆಟ್ಟವನಲ್ಲ. ಆಫೀಸಿಗೆ ಬರೆಯುತ್ತೇನೆ ಎಂದ. ಆದರೆ ಫೋಟೋದಲ್ಲಿ ಕಂಡದ್ದಷ್ಟೇ ಯಾದಿಗೆ ಹೋಗುತ್ತದೆ, ನನ್ನ ಕೈಯಲ್ಲಿ ಇಲ್ಲ ಎಂದ. ತನ್ನ ನಂಬರು ಕೊಟ್ಟ. ಕೆಂಪು ಚುಕ್ಕಿ ಬಿದ್ದರೆ ಏನಾಗುತ್ತದೆ ಎಂದು ಸುಮ್ಮನೆ ಕೇಳಿದೆ. ತೋಪಿನ ಗುತ್ತಿಗೆದಾರನಿಗೆ ಮೇಲಿನಿಂದ ಫೋನು ಹೋಗುತ್ತದೆ, ಗೆರೆ ಸುಟ್ಟದ್ದೋ ಕಾಡು ಸುಟ್ಟದ್ದೋ ಚುಕ್ಕಿಗೆ ಗೊತ್ತಾಗುವುದಿಲ್ಲ, ಚುಕ್ಕಿ ಹೆಚ್ಚಾದರೆ ಗುತ್ತಿಗೆ ಹೋಗುತ್ತದೆ ಎಂದ.

ಬಸ್ಸಿನಲ್ಲಿ ಕಿಟಕಿಯ ಬದಿ ಕೂತಿದ್ದೆ. ಸುಮಿ ಎದೆಗೆ ಒರಗಿದ್ದಳು. ರಸ್ತೆ ಬದಿಯ ಮರವೊಂದರ ಕೆಳಗೆ ಯಾರೋ ಕೂಲಿಯವರು ಬುತ್ತಿ ಬಿಚ್ಚಿ ಕೂತಿದ್ದರು. ಅವರ ನೆರಳನ್ನು ನೋಡಿದೆ. ಆಗ ತಿಳಿಯಿತು. ಏನು ದಾಟುತ್ತಿತ್ತು ಎಂಬುದು ತಿಳಿಯಿತು. ಹಳ್ಳಕ್ಕೆ ಇಳಿದು ಕೈ ತಿಕ್ಕಿ ತೊಳೆದದ್ದು ನೆನಪಾಯಿತು.

ಇಲ್ಲಿಯವರೆಗೆ ಬರೆಯುವಷ್ಟರಲ್ಲಿ ಸುಮಿ ಎದ್ದಳು. ನೀರು ಕುಡಿಸಿ ಬಂದೆ. ಏನು ಬರೆಯುತ್ತೀ ಎಂದಳು. ನಿನ್ನ ಕಥೆ ಎಂದೆ. ಅದರಲ್ಲಿ ನನಗೆ ಕೆಮ್ಮು ಇಲ್ಲ ಎಂದು ಬರಿ ಎಂದಳು.

ಕಾಶೆವ್ವನಿಗೆ ನೀರಿನ ನಲ್ಲಿಯ ಹತ್ತಿರ ಉಪಗ್ರಹದ ಸಂಗತಿ ಹೇಳಿದೆ. ಇನ್ನೂ ಕೆಲವರು ಇದ್ದರು. ಅವಳು ಕೊಡವನ್ನು ನಲ್ಲಿಯ ಕೆಳಗಿಟ್ಟಳು.

"ನಾ ರಾಹುಕಾಲ ಅನ್ಕೊಂಡಿದ್ನೆಲ್ಲ ವಿದ್ಯಾ," ಎಂದಳು.

"ದಿನಾ ಒಂದ ಹೊತ್ತಿಗೆ ರಾಹುಕಾಲ ಬರತೈತೇನಬೇ?" ಎಂದೆ ನಾನು.

"ಗುತ್ತಿಗಿದಾರಂದು ಬ್ಯಾರೆ ಪಂಚಾಂಗ ಇರತೈತಿ ತಗೊ," ಎಂದಳು ಕಾಶೆವ್ವ.

ಹೆಂಗಸರು ನಕ್ಕರು. ಕಾಶೆವ್ವ ನಗಲಿಲ್ಲ. ಕೊಡ ತುಂಬಿ ಹರಿಯುತ್ತಿತ್ತು. ಯಾರೂ ನಲ್ಲಿ ತಿರುಗಿಸಲಿಲ್ಲ.

ಮರುದಿನ ಕಡಿದೆವು, ಗುಡಿಸಿದೆವು. ಮಧ್ಯಾಹ್ನ ನೆರಳಿಗೆ ಕೂತೆವು. ಅಂದು ಯಾರೂ ಅಡ್ಡಾಗಲಿಲ್ಲ. ಶೇಖಪ್ಪ ಫೋನು ನೋಡಿದ. ದಾಟೇತಿ, ಹಚ್ಚ್ರಿ ಎಂದ. ಕಾಶೆವ್ವ ಸೂಡಿ ಕೈಯಲ್ಲಿ ಹಿಡಿದು ಎದ್ದು ಅವನ ಮುಂದೆ ನಿಂತಳು.

"ಶೇಖಪ್ಪಣ್ಣಾ, ನಾಳಿಂದ ಮುಂಜಾನಿ ಹಚ್ಚತೇವಿ. ಮೊದಲಿನಂಗ."

ಯಾಕೆಂದು ಕೇಳಿದ. ಹೊಗೆ ತಗ್ಗಿಗೆ ಇಳಿಯುತ್ತದೆ, ಕೂಸುಗಳಿಗೆ ಉಸಿರು ಸಿಗುತ್ತಿಲ್ಲ ಎಂದಳು. ಅವನು ನಕ್ಕ.

"ಬೆಂಕಿ ಕೆಲಸಕ್ಕ ಬಂದು ಹೊಗಿ ಒಲ್ಲೆ ಅಂದ್ರ ಹೆಂಗಬೇ? ಮಧ್ಯಾಹ್ನ ನೆರಳಾಗ ಕುಂದರಸೇನಿ. ಯಾವ ಗುತ್ತಿಗಿದಾರ ಕುಂದರಸ್ತಾನ ಹೇಳು? ನನ್ನ ಹೆಂಡ್ತಿ ಉಡಿ ತುಂಬಿದ ಕೈ ನಿಮ್ಮವು."

"ನೆರಳಿಗೆ ಕುಂದರ್ಸಿದ್ದು ನಮಗಂತ ಅಲ್ರಿ," ಎಂದೆ ನಾನು. ನನ್ನ ದನಿ ನನಗೇ ಸಣ್ಣದಾಗಿ ಕೇಳಿತು. "ಉಪಗ್ರಹ ದಾಟ್ಲಿ ಅಂತ."

ಅವನ ನಗು ನಿಂತಿತು. ಯಾರು ಹೇಳಿದರೆಂದು ಕೇಳಿದ. ನಾಲ್ಕು ಅಕ್ಷರ ಕಲಿತವಳನ್ನು ಕೆಲಸಕ್ಕೆ ಇಟ್ಟುಕೊಂಡರೆ ಹೀಗೇ ಎಂದ. ಆಮೇಲೆ ದನಿ ತಗ್ಗಿಸಿದ. ಚುಕ್ಕಿ ಬಿದ್ದರೆ ಮುಂದಿನ ವರ್ಷ ತೋಪು ತನಗೆ ಸಿಗುವುದಿಲ್ಲ, ತನಗೆ ಸಿಗದಿದ್ದರೆ ನಿಮಗೂ ಕೂಲಿ ಇಲ್ಲ, ಇದು ಎಲ್ಲರ ಅನ್ನದ ಮಾತು ಎಂದ. ಅದು ಸುಳ್ಳಲ್ಲ. ನಮ್ಮಲ್ಲಿ ಒಬ್ಬಿಬ್ಬರು ತಲೆ ತಗ್ಗಿಸಿದರು.

"ಅನ್ನ ನಾಳೆ ಉಂಡ್ರೂ ನಡೀತೈತಿ," ಎಂದಳು ಕಾಶೆವ್ವ. "ಉಸಿರು ನಾಳೆ ತಗೋತೇನಿ ಅಂದ್ರ ನಡ್ಯಾಂಗಿಲ್ಲ."

"ಹಚ್ಚತೀರೋ ಇಲ್ಲೋ?"

"ಇಲ್ಲ."

ಸೂಡಿಯನ್ನು ನೆಲಕ್ಕೆ ಹಾಕಿದಳು. ಎಸೆಯಲಿಲ್ಲ, ಹಾಕಿದಳು. ನಾನು ನನ್ನ ಟೊಂಗೆ ಹಾಕಿದೆ. ಒಬ್ಬೊಬ್ಬರಾಗಿ ಹಾಕಿದರು. ತಲೆ ತಗ್ಗಿಸಿದವರು ಕೊನೆಗೆ ಹಾಕಿದರು. ನಾಳೆ ಯಾರೂ ಬರಬೇಡಿ ಎಂದು ಹೇಳಿ ಅವನು ಗಾಡಿ ಹತ್ತಿದ. ನಾವು ಬರಿಗೈಯಲ್ಲಿ ದಿಬ್ಬ ಇಳಿದೆವು. ಯಾರಿಗೂ ಗೆದ್ದ ಹಾಗೆ ಅನ್ನಿಸಲಿಲ್ಲ. ದಣಿವಾಗಿತ್ತು.

ದಾರಿಯಲ್ಲಿ ಕಾಶೆವ್ವ ನ್ಯಾಯದ ಮಾತು ಆಡಿದಳು. "ಸುಮ್ನ ಮನ್ಯಾಗ ಕುಂತ್ರ ಆಂವ ಬ್ಯಾರೆ ಮಂದಿ ತಂದು ಸಂಜೀಕ ಹಚ್ಚಸ್ತಾನ. ಗುಡಿಸಿದ್ದು ನಾವು. ಮುಂಜಾನಿ ನಾವ ಹಚ್ಚೂಣು. ಮ್ಯಾಲಿಂದ ನೋಡಾವ್ರು ನೋಡ್ಲಿ."

ನಸುಕಿನಲ್ಲಿ ಹೋದೆವು. ಎಲೆ ತಣ್ಣಗಿತ್ತು. ಬೆಂಕಿ ಅವಸರ ಮಾಡಲಿಲ್ಲ. ನಾವೂ ಮಾಡಲಿಲ್ಲ. ಎರಡೂ ಬದಿ ನೀರು ಚಿಮುಕಿಸಿ, ಟೊಂಗೆ ಹಿಡಿದು, ಹೆಜ್ಜೆ ಹೆಜ್ಜೆಗೆ ನಡೆದೆವು. ಯಾವ ಕಿಡಿಯನ್ನೂ ಗೆರೆ ದಾಟಲು ಬಿಡಲಿಲ್ಲ. ಕೂಲಿ ಇಲ್ಲದ ಕೆಲಸವನ್ನು ಅಷ್ಟು ಚೊಕ್ಕವಾಗಿ ಎಂದೂ ಮಾಡಿರಲಿಲ್ಲ. ಬಿಸಿಲು ಬಂದಂತೆ ಹೊಗೆ ನೆಟ್ಟಗೆ ಎದ್ದು ನಿಂತಿತು. ಆಮೇಲೆ ಗಾಳಿ ಬಂತು, ಹೊಗೆ ಮುಂಡಗೋಡದ ಕಡೆ ಬಾಗಿತು. ಎಲೆ ಮುಗಿದರೂ ಮೋಟುಗಳು ಹೊಗೆಯಾಡುತ್ತಲೇ ಇದ್ದವು, ಗೆರೆಯ ಕೊನೆಯ ತುದಿ ಇನ್ನೂ ಉರಿಯುತ್ತಿತ್ತು.

ಊಟದ ಹೊತ್ತಾಯಿತು. ನಾವು ನೆರಳಿಗೆ ಹೋಗಲಿಲ್ಲ. ಸುಟ್ಟ ಗೆರೆಯ ಬದಿಗೆ ಬಿಸಿಲಲ್ಲೇ ಕೂತು ಬುತ್ತಿ ಬಿಚ್ಚಿದೆವು. ಯಾರೋ ಮೇಲೆ ನೋಡಿದರು. ಎಲ್ಲರೂ ನೋಡಿದೆವು. ಏನೂ ಕಾಣಲಿಲ್ಲ. ರೊಟ್ಟಿ ತಿಂದೆವು.

ಅಂದೇ ಅರಣ್ಯ ಇಲಾಖೆಯ ಜೀಪು ಬಂತು. ಮಕ್ಕಳು ಕೆಮ್ಮಿ ತುಟಿ ನೀಲಿಯಾದಾಗ ಆ ದಾರಿಯಲ್ಲಿ ಯಾವ ಗಾಡಿಯೂ ಇಳಿದಿರಲಿಲ್ಲ. ಒಂದು ಚುಕ್ಕಿ ಬಿದ್ದದ್ದೇ ಬಂತು. ಇಳಿದವರು ಗೆರೆಯನ್ನು ತಿರುಗಾಡಿ ನೋಡಿದರು, ಫೋಟೋ ತೆಗೆದರು. ಯಾರು ಹಚ್ಚಿದ್ದು ಎಂದರು. ನಾವು ಎಂದಳು ಕಾಶೆವ್ವ. ಯಾರು ಹೇಳಿದ್ದು ಎಂದರು.

"ಮುಂಜಾನಿ ಹಚ್ಚ ಅಂತ ಯಾರೂ ಹೇಳಿಲ್ರಿ. ಸಂಜೀಕ ಹಚ್ಚ ಅಂತ ಹೇಳಿದಾವ್ರು ಇಲ್ಲೇ ಅದಾರ, ಕೇಳ್ರಿ."

ಶೇಖಪ್ಪ ಓಡಿ ಬಂದಿದ್ದ. ಬೆವರು ಒರೆಸಿಕೊಂಡು ನಮ್ಮೆಲ್ಲರನ್ನೂ ಒಮ್ಮೆ ನೋಡಿದ. ಈ ಹೆಂಗಸರು ಯಾರೆಂದು ತನಗೆ ಗೊತ್ತಿಲ್ಲ ಎಂದ. ಶೆಡ್ಡಿನವರು, ಕಟ್ಟಿಗೆ ಕದಿಯಲು ಬಂದು ಬೆಂಕಿ ಹಾಕಿದ್ದಾರೆ ಎಂದ. ನಾವು ಕೊಟ್ಟ ಹಸಿರು ದಡಿಯ ಖಣ ಅವನ ಮನೆಯಲ್ಲಿತ್ತು. ನಮ್ಮನ್ನು ಬಿಸಿಲಲ್ಲಿ ಸಾಲಾಗಿ ನಿಲ್ಲಿಸಿ ಹೆಸರು ಬರೆದುಕೊಂಡರು. ಇನ್ನು ತೋಪಿನೊಳಗೆ ಕಾಲಿಟ್ಟರೆ ಕೇಸು ಎಂದರು. ಸಂಜೆಯ ಬೆಂಕಿಯ ಬಗ್ಗೆ ಯಾರೂ ಮತ್ತೆ ಕೇಳಲಿಲ್ಲ.

ಉದಯಕುಮಾರನಿಗೆ ಫೋನು ಮಾಡಿದೆ. ಅವನು ಆ ದಿನದ ಫೋಟೋ ನನ್ನ ಮೊಬೈಲಿಗೆ ಕಳಿಸಿದ. ನಮ್ಮ ದಿಬ್ಬದ ಮೇಲೆ ಕೆಂಪು ಚುಕ್ಕಿ ಇತ್ತು. ಚುಕ್ಕಿಯಿಂದ ಹೊರಟ ಬಾಲ ದೂರ ಹೋಗಿ ಇಂದೂರದ ಕಡೆಯ ದೊಡ್ಡ ಬಾಲಕ್ಕೆ ಸೇರಿತ್ತು. ಅಲ್ಲಿಯೂ ಸುಮಿಯಂಥ ಮಕ್ಕಳಿದ್ದಾರೆ. ಅದನ್ನು ನೋಡಿ ಸಂತೋಷಪಡಲು ನನ್ನಿಂದ ಆಗಲಿಲ್ಲ. ನಮ್ಮ ತಗ್ಗಿನ ಮೇಲೆ ಮಾತ್ರ ಅಂದೂ ಏನೂ ಇರಲಿಲ್ಲ. ತಗಡುಗಳು ಅಕ್ಕಿಕಾಳಿನಂತೆ ಹೊಳೆಯುತ್ತಿದ್ದವು. ಯಾದಿಗೆ ನಮ್ಮ ಹೆಸರು ಅಂದೂ ಬರಲಿಲ್ಲ.

ಆದರೆ ಆ ಒಂದು ದಿನ ಫೋಟೋ ಹೇಳಿದ್ದು ನಿಜವಾಗಿತ್ತು. ಸಂಜೆಯಷ್ಟರಲ್ಲಿ ಮೋಟುಗಳೂ ಆರಿದ್ದವು. ರಾತ್ರಿ ಹೊಗೆ ಇಳಿಯಲಿಲ್ಲ. ಗೋಣಿ ಕಟ್ಟಲಿಲ್ಲ. ಸುಮಿ ಚೀಲಕ್ಕೆ ಒರಗಿದವಳು ಮೆಲ್ಲಗೆ ಜಾರಿ ನೆಲಕ್ಕೆ ಬಂದಳು. ಕಾಲು ಚಾಚಿದಳು. ಮಗ್ಗುಲಾದಳು. ನನ್ನ ಮಗಳು ಎಷ್ಟು ಉದ್ದ ಬೆಳೆದಿದ್ದಾಳೆಂದು ನನಗೆ ಅಂದೇ ಗೊತ್ತಾದದ್ದು.

ಪಾತ್ರೆ ತೊಳೆದಾಯಿತು. ಇನ್ನು ಸ್ವಲ್ಪವೇ ಇದೆ.

ಶೇಖಪ್ಪನ ಗುತ್ತಿಗೆ ಹೋಗಲಿಲ್ಲ. ಕಳ್ಳರು ಹಾಕಿದ ಬೆಂಕಿ ಎಂದು ಬರೆದು ಮುಗಿಸಿದರಂತೆ. ಅವನು ಹೊಸ ಹೆಂಗಸರನ್ನು ಟೆಂಪೋದಲ್ಲಿ ತಂದ. ಅವರು ಸಂಜೆ ಹಚ್ಚಿದರು. ಹೊಗೆ ಇಳಿದು ಬಂತು. ನಾನು ಮತ್ತೆ ಗೋಡೆಗೆ ಚೀಲ ಒಡ್ಡಿದೆ.

ಇವತ್ತು ಮಧ್ಯಾಹ್ನ ಸುಮಿಯನ್ನು ಎತ್ತಿಕೊಂಡು ದಿಬ್ಬ ಹತ್ತಿದೆ. ಕಾಶೆವ್ವ ಹಿಂದೆ ಕುಂಟುತ್ತ ಬಂದಳು. ತೋಪಿನೊಳಗೆ ಕಾಲಿಟ್ಟೆವು. ಹೊಸ ಹೆಂಗಸರು ಅದೇ ಮರದ ಕೆಳಗೆ ಕೂತಿದ್ದರು. ಶೇಖಪ್ಪ ದೂರದಲ್ಲಿ ಬೆನ್ನು ತಿರುಗಿಸಿ ಫೋನು ನೋಡುತ್ತಿದ್ದ. ಹೆಂಗಸರು ನಮಗೆ ಜಾಗ ಮಾಡಿ ಕೊಟ್ಟರು. ಯಾವೂರು ಎಂದು ಕೇಳಿದೆ. ಇಂದೂರ ಎಂದಳು ಒಬ್ಬಳು. ಹೆಸರು ಗೋದುಬಾಯಿ. ತನಗೂ ಇಷ್ಟೇ ವಯಸ್ಸಿನ ಮಗ ಇದ್ದಾನೆ, ಅವನಿಗೂ ಉಸಿರಿನ ತ್ರಾಸ, ಪೆಂಡಾಲಿನವರು ಮಷಿನ್ ಕೊಟ್ಟಿದ್ದಾರೆ, ಪುಣ್ಯವಂತರು ಎಂದಳು. ಆಮೇಲೆ ದನಿ ಇಳಿಸಿದಳು.

"ನಿಮ್ಮ ಕಡೆ ಮಾಲಕರು ಭಾಳ ಚಲೋ ಅದಾರ್ರಿ. ಬಿಸಲಾಗ ನೆರಳಿಗೆ ಕುಂದರಸ್ತಾರ. ನಾವೆಲ್ಲಾರೂ ಕೂಡಿ ಅವರ ಮನಿಯಾಕಿದು ಉಡಿ ತುಂಬೂಣು ಅಂತ ಮಾಡೇವಿ."

ಚೀಲದಿಂದ ಖಣ ತೆಗೆದು ತೋರಿಸಿದಳು. ಕೆಂಪು ದಡಿ. ಬಣ್ಣ ಹೇಗಿದೆ ಎಂದು ಕೇಳಿದಳು. ಕಾಶೆವ್ವ ಮುಖ ಆಚೆ ತಿರುಗಿಸಿದಳು.

ಚಲೋ ಇದೆ ಎಂದೆ. ಏನೆಲ್ಲ ಹೇಳಬೇಕೆಂದು ದಾರಿಯುದ್ದಕ್ಕೂ ಜೋಡಿಸಿಕೊಂಡು ಬಂದಿದ್ದೆ. ಉಪಗ್ರಹ, ಚುಕ್ಕಿ, ಬಾಲ, ಯಾದಿ. ಅದೆಲ್ಲವನ್ನೂ ಬಿಟ್ಟೆ. ಸುಮಿಯನ್ನು ಗೋದುಬಾಯಿಯ ತೊಡೆಯ ಮೇಲೆ ಕೂರಿಸಿದೆ.

"ಉಡಿ ಆಮ್ಯಾಲ ತುಂಬೀರಂತ ಅಕ್ಕಾ. ಮೊದಲ ಈಕಿ ಎದಿಗೆ ಕಿವಿ ಹಚ್ಚಿ ಕೇಳ್ರಿ. ನೀವು ನಿನ್ನೆ ಸಂಜೀಕ ಹಚ್ಚಿದ್ದು ಒಳಗ ಐತಿ."

ಗೋದುಬಾಯಿ ನನ್ನನ್ನು ನೋಡಿದಳು. ಖಣ ಬದಿಗಿಟ್ಟು, ಸೆರಗು ಸರಿಸಿ, ಬಗ್ಗಿ ಕಿವಿ ಹಚ್ಚಿದಳು. ಸುಮಿ ಅಲುಗಾಡದೆ ಕೂತಳು. ಅವಳಿಗೆ ರೂಢಿ.

ಶೇಖಪ್ಪ ಆಚೆಯಿಂದ ಕೂಗಿದ. "ದಾಟೇತಿ. ಏಳ್ರಿ."

ಹೆಂಗಸರು ಗೋದುಬಾಯಿಯ ಕಡೆ ನೋಡಿದರು. ಅವಳು ಕಣ್ಣು ಮುಚ್ಚಿದ್ದಳು. ಈ ಸಪ್ಪಳ ಅವಳಿಗೆ ಗೊತ್ತಿತ್ತು.

"ಏಳ್ರಿ ಅಂದೆ," ಎಂದ ಅವನು ಮತ್ತೆ.

ಗೋದುಬಾಯಿ ಕಿವಿ ತೆಗೆಯಲಿಲ್ಲ.